ಮಗನಿಗೆ ‘ಪಂಪಾಪತಿ’ ಎಂಬ ಹೆಸರು: ಮೂಲ, ಅರ್ಥ ಮತ್ತು ಬಳಕೆಯ ಬಗ್ಗೆ

ಪ್ರಶ್ನೆ: ಗಂಗಾವತಿಯ ತಂದೆ

ಎಲ್ಲರಿಗೂ ನಮಸ್ಕಾರ. ನಮಗೆ ಗಂಡು ಮಗು ಹುಟ್ಟಿದ್ದು, ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿದೆ. ತೀರಿಹೋದ ನಮ್ಮ ತಾತನವರ ಹೆಸರು ಪಂಪಾಪತಿ. ಅದನ್ನೇ ಮಗುವಿಗೆ ಇಡಬೇಕೆಂಬುದು ನಮ್ಮ ತಂದೆಯವರ ಆಸೆ, ನನ್ನದೂ ಅದೇ. ನನ್ನ ಹೆಂಡತಿಯ ತವರು ತುಮಕೂರು ಕಡೆಯದು. ಅಲ್ಲಿನ ನೆಂಟರಲ್ಲಿ ಹೆಚ್ಚಿನವರು ಈ ಹೆಸರನ್ನು ಕೇಳಿಯೇ ಇಲ್ಲ. ನನ್ನ ಭಾವಮೈದುನನಂತೂ ಶಾಲೆಯಲ್ಲಿ ಹುಡುಗರು ‘ಪಂಪ್‌ಸೆಟ್’ ಎಂದು ಕರೆಯುವುದು ಖಂಡಿತ ಎಂದು ಈಗಲೇ ನಗಾಡುತ್ತಿದ್ದಾನೆ. ಕಚೇರಿಯಲ್ಲಿ ಒಬ್ಬರು, ಪಂಪಾ ಎಂದರೆ ಶಬರಿಮಲೆಯ ಹೊಳೆಯಲ್ಲವೇ, ಕೇರಳದ ಹೆಸರು ನಿಮಗೇಕೆ ಎಂದರು. ಇನ್ನೊಬ್ಬರು ಇದು ಆದಿಕವಿ ಪಂಪನ ನೆನಪಿಗೆ ಬಂದ ಹೆಸರು ಎಂದರು.

ಹೆಂಡತಿಗೆ ಹೆಸರಿನ ಬಗ್ಗೆ ವಿರೋಧವಿಲ್ಲ. ಅರ್ಥ ಮತ್ತು ಮೂಲ ಸರಿಯಾಗಿ ತಿಳಿದರೆ ತನ್ನ ತವರಿನವರಿಗೆ ತಾನೇ ಹೇಳುತ್ತೇನೆ ಎನ್ನುತ್ತಾಳೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಆನೆಗೊಂದಿ ಓದುಗ

ಹೆಸರಿನ ರಚನೆ ಸರಳವಾದದ್ದು. ಉಮಾಪತಿ, ಗಿರಿಜಾಪತಿ ಎಂಬವುಗಳ ಹಾಗೆಯೇ ಪಂಪೆಯ ಪತಿ ಪಂಪಾಪತಿ, ಅಂದರೆ ಹಂಪೆಯ ವಿರೂಪಾಕ್ಷ. ವ್ಯತ್ಯಾಸವಿರುವುದು ಒಂದೇ ಕಡೆ. ಉಮೆ, ಗಿರಿಜೆ ಎಂಬ ಹೆಸರುಗಳು ದೇಶಕ್ಕೆಲ್ಲ ಸೇರಿದವು. ಪಂಪೆ ನಮ್ಮ ಹೊಳೆಯ ದಂಡೆಯವಳು. ತುಂಗಭದ್ರೆಯ ಹಳೆಯ ಹೆಸರೇ ಪಂಪಾ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಅಣೆಕಟ್ಟು ಕಟ್ಟಿದ ಮೇಲೆ ಜಲಾಶಯಕ್ಕೆ ಪಂಪಾಸಾಗರ ಎಂಬ ಹೆಸರು ಬಂದದ್ದೂ ಆ ನಂಬಿಕೆಯಿಂದಲೇ.

ಸ್ಥಳಪುರಾಣದ ಪ್ರಕಾರ ಪಂಪೆ ಬ್ರಹ್ಮನ ಮಗಳು. ಆಕೆ ಶಿವನನ್ನೇ ವರಿಸಬೇಕೆಂದು ಹೇಮಕೂಟದ ಬಳಿ ತಪಸ್ಸು ಮಾಡಿದಳು, ಶಿವನ ಧ್ಯಾನವನ್ನು ಕೆಡಿಸಲು ಬಂದ ಮನ್ಮಥನು ಸುಟ್ಟುಹೋದದ್ದೂ ಅಲ್ಲಿಯೇ, ಕೊನೆಗೆ ಶಿವನು ಒಲಿದು ಆಕೆಯನ್ನು ಮದುವೆಯಾದನು ಎಂಬುದು ಕಥೆ. ದೇವಸ್ಥಾನದ ಪಕ್ಕದ ಹೊಂಡವನ್ನು ಇಂದಿಗೂ ಮನ್ಮಥ ಹೊಂಡವೆಂದೇ ಕರೆಯುತ್ತಾರೆ. ಈ ಮದುವೆ ಕಥೆಯಾಗಿಯಷ್ಟೇ ಉಳಿದಿಲ್ಲ. ಫಲಪೂಜೆಯೆಂಬ ನಿಶ್ಚಿತಾರ್ಥವೂ ಕಲ್ಯಾಣೋತ್ಸವವೂ ವರ್ಷವರ್ಷ ನಡೆಯುತ್ತವೆ, ಚೈತ್ರದಲ್ಲಿ ವಿರೂಪಾಕ್ಷ ಮತ್ತು ಪಂಪಾಂಬಿಕೆಯರ ಜೋಡಿ ರಥೋತ್ಸವವಾಗುತ್ತದೆ. ಪಂಪೆಯೇ ಇಲ್ಲಿನ ಮೂಲದೇವತೆ, ವಿರೂಪಾಕ್ಷನು ಆಕೆಯ ಕೈಹಿಡಿದು ಈ ಕ್ಷೇತ್ರಕ್ಕೆ ಸೇರಿದವನು ಎಂಬುದು ಹಂಪೆಯ ಧಾರ್ಮಿಕ ಇತಿಹಾಸವನ್ನು ಬರೆದ ವಿದ್ವಾಂಸರ ಅಭಿಪ್ರಾಯ. ಹಾಗೆ ನೋಡಿದರೆ ನಿಮ್ಮ ತಾತನವರ ಹೆಸರಿನಲ್ಲಿ ದೇವರು ಊರಿನ ಅಳಿಯನಾಗಿದ್ದಾನೆ, ಹೆಂಡತಿಯ ಹೆಸರಿನಿಂದ ಗುರುತಿಸಿಕೊಂಡಿದ್ದಾನೆ. ಈ ಅಂಶವನ್ನು ತುಮಕೂರಿನ ನೆಂಟರಿಗೆ ಅಗತ್ಯವಾಗಿ ಹೇಳಿ, ಹೆಣ್ಣು ಕೊಟ್ಟ ಮನೆಯವರಿಗೆ ಹಿಡಿಸದೆ ಇರಲಾರದು.

ಕೇರಳದ ಮಾತಿಗೆ ಬಂದರೆ, ಅಲ್ಲಿಯೂ ಪಂಪಾ ನದಿ ಇರುವುದು ನಿಜ, ಅದರ ಮಹಿಮೆಯೂ ದೊಡ್ಡದು. ಆದರೆ ವಾಲ್ಮೀಕಿ ರಾಮಾಯಣದಲ್ಲಿ ಕಿಷ್ಕಿಂಧಾಕಾಂಡ ಆರಂಭವಾಗುವುದೇ ರಾಮನು ಪಂಪೆಯೆಂಬ ಪುಷ್ಕರಿಣಿಯ ದಡಕ್ಕೆ ಬಂದು ನಿಲ್ಲುವುದರಿಂದ. ನಮ್ಮ ಭಾಗದವರು ಗುರುತಿಸುವ ಆ ಪಂಪಾಸರೋವರ ನಿಮ್ಮದೇ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿಯ ಸಮೀಪದಲ್ಲಿದೆ. ಸರೋವರ ಕೊಪ್ಪಳ ಜಿಲ್ಲೆಯಲ್ಲಿದೆ. ಪಂಪಾಪತಿಯ ಗುಡಿ ಹೊಳೆಯ ಆಚೆಗೆ, 2021ರವರೆಗೆ ಬಳ್ಳಾರಿಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಾಗಿರುವ ಭಾಗದಲ್ಲಿದೆ. ಅತ್ತ ವಿಜಯನಗರದ ಅರಸರು ಸಂಸ್ಕೃತದಲ್ಲಿ ಬರೆಸಿದ ತಾಮ್ರಶಾಸನಗಳ ಕೊನೆಯಲ್ಲಿಯೂ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕಿಸುತ್ತಿದ್ದರು. ಅವರ ರಾಜ್ಯ ನಿಂತಿದ್ದದ್ದೇ ಈ ದೇವರ ಹೆಸರಿನಲ್ಲಿ.

ಉತ್ತರ: ಸಿಂಧನೂರಿನ ಮೇಷ್ಟ್ರು

ಮೇಲಿನವರು ಅರ್ಥವನ್ನು ವಿವರವಾಗಿಯೇ ಹೇಳಿದ್ದಾರೆ. ನಾನು ಬಳಕೆಯ ವಿಷಯವನ್ನು ಮಾತ್ರ ಹೇಳುತ್ತೇನೆ.

ಪಂಪಾಪತಿ ಅಪರೂಪದ ಹೆಸರೇ ಎಂದು ಕೇಳಿದರೆ, ಯಾವ ಊರಿನಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ನಿಲ್ಲುತ್ತದೆ. ಹೊಸಪೇಟೆ, ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳಲ್ಲಿ ಐವತ್ತು ದಾಟಿದವರ ನಡುವೆ ಈ ಹೆಸರಿನವರು ಸಾಕಷ್ಟು ಮಂದಿ ಸಿಗುತ್ತಾರೆ. ಅದೇ ಊರುಗಳ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ಹುಡುಕಬೇಕಾಗುತ್ತದೆ. ಮೈಸೂರು, ತುಮಕೂರುಗಳಲ್ಲಿ ಮೊದಲಿನಿಂದಲೂ ಕಡಿಮೆ. ಆದರೆ ರಾಯದುರ್ಗ, ಆಲೂರು, ಆದವಾನಿ ಕಡೆಯ ತೆಲುಗರಲ್ಲಿಯೂ ಇದೆ. 1953ರವರೆಗೆ ಆ ತಾಲ್ಲೂಕುಗಳೂ ಬಳ್ಳಾರಿ ಜಿಲ್ಲೆಯವೇ ಆಗಿದ್ದವಲ್ಲ. ಆಗ ಹೊಳೆಯ ಈ ದಡ ನಿಜಾಮರದು, ಆ ದಡ ಮದ್ರಾಸಿನದು. ಕಂದಾಯದ ಕಾಗದಗಳ ಭಾಷೆಯೇ ಬೇರೆ ಬೇರೆಯಾಗಿತ್ತು. ಆದರೂ ಎರಡೂ ದಡಗಳಲ್ಲಿ ಮಕ್ಕಳಿಗೆ ಒಂದೇ ದೇವರ ಹೆಸರನ್ನು ಇಡುತ್ತಿದ್ದರು.

ನಮ್ಮ ಸೀಮೆಯಲ್ಲಿ ಹೆಸರೆಂದರೆ ಅಂಚೆ ವಿಳಾಸವಿದ್ದಂತೆ. ಗವಿಸಿದ್ಧಪ್ಪ ಎಂದರೆ ಕೊಪ್ಪಳದ ಗವಿಮಠ ಕಣ್ಣಮುಂದೆ ಬರುತ್ತದೆ, ಹುಲಿಗೆಪ್ಪ ಅಥವಾ ಹುಲಿಗೆಮ್ಮ ಎಂದರೆ ಮುನಿರಾಬಾದಿನ ಬಳಿಯ ಹುಲಿಗಿ, ಕನಕಾಚಲ ಎಂದರೆ ಕನಕಗಿರಿ, ಕೊಟ್ರೇಶ ಎಂದರೆ ಕೊಟ್ಟೂರು, ದೊಡ್ಡಬಸಪ್ಪ ಎಂದರೆ ಕುರುಗೋಡು, ಮೈಲಾರಪ್ಪ ಎಂದರೆ ಹೂವಿನಹಡಗಲಿಯ ಮೈಲಾರ. ಇವನ್ನು ಇಡುವುದಕ್ಕೆ ಪಂಚಾಂಗದಲ್ಲಿ ಅಕ್ಷರ ನೋಡಬೇಕೆಂದೇನೂ ಇರಲಿಲ್ಲ. ಮಗು ಉಳಿಯಲೆಂದು ಹರಕೆ ಹೊತ್ತ ಗುಡಿಯ ಹೆಸರನ್ನೋ ಮನೆದೇವರ ಹೆಸರನ್ನೋ ಮಗುವಿಗೆ ಕೊಡುತ್ತಿದ್ದರು, ಆಮೇಲೆ ಅದೇ ಹೆಸರು ಮೊಮ್ಮಗನಿಗೆ ಬರುತ್ತಿತ್ತು. ಪಂಪಾಪತಿ ಈ ಸಾಲಿಗೇ ಸೇರಿದ್ದು, ಸಂಸ್ಕೃತದ ಸಮಾಸವಾದ್ದರಿಂದ ಸ್ವಲ್ಪ ಗಂಭೀರವಾಗಿ ಕೇಳಿಸುತ್ತದೆ, ಅಷ್ಟೇ.

ಇದರ ದಾಯಾದಿ ಹೆಸರುಗಳು ಇನ್ನೂ ಹೆಚ್ಚು ಬಳಕೆಯಲ್ಲಿವೆ. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾದಂತೆ ಪಂಪೆ ಹಂಪೆಯಾಯಿತು. ಅದರಿಂದ ಹಂಪಯ್ಯ, ಹಂಪಣ್ಣ, ಹಂಪಮ್ಮ, ಹಂಪನಗೌಡ ಎಂಬ ಹೆಸರುಗಳು ಬಂದವು. ರಾಯಚೂರು ಜಿಲ್ಲೆಯವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ: ಮಾನ್ವಿಯ ಶಾಸಕರು ಹಂಪಯ್ಯ ನಾಯಕರು, ಸಿಂಧನೂರಿನ ಶಾಸಕರು ಹಂಪನಗೌಡ ಬಾದರ್ಲಿಯವರು. ಪಂಪಾಪತಿ ಎಂಬ ಹೆಸರು ಹೊತ್ತು ಹೊರಗಿನವರಿಗೂ ಪರಿಚಿತರಾದವರೆಂದರೆ ದಾವಣಗೆರೆಯ ಕಾರ್ಮಿಕರ ನಾಯಕರಾಗಿ, ಸಿಪಿಐನಿಂದ ವಿಧಾನಸಭೆಗೆ ಆರಿಸಿಬಂದಿದ್ದ ಪಂಪಾಪತಿಯವರು. ಒಂದು ಜಾತಿಗೆ ಅಂಟಿಕೊಳ್ಳದ ಹೆಸರು ಎಂಬುದನ್ನು ಈ ಮೂವರನ್ನು ನೋಡಿಯೇ ಹೇಳಬಹುದು.

ಉತ್ತರ: ಬಳ್ಳಾರಿ ಕೋಟೆ ಪ್ರದೇಶದಿಂದ

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ, ತಪ್ಪು ತಿಳಿಯಬಾರದು. ಸ್ಥಳದ ಅಭಿಮಾನ ದೊಡ್ಡದೇ. ಆದರೆ ಹೆಸರನ್ನು ಹೊತ್ತು ತಿರುಗುವವನು ಮಗು, ಅವನು ಮುಂದೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸ ಮಾಡಬೇಕಾದವನು. ಅದೇ ದೇವರ ಹೆಸರೇ ಬೇಕೆಂದಿದ್ದರೆ ವಿರೂಪಾಕ್ಷ ಎಂದು ಇಡಬಹುದು. ಎಲ್ಲ ಕಡೆ ತಿಳಿಯುತ್ತದೆ, ಯಾರೂ ಪಂಪ್‌ಸೆಟ್ಟಿಗೆ ಹೋಲಿಸುವುದಿಲ್ಲ. ಹಾಗಲ್ಲದಿದ್ದರೆ ಪಂಪ ಎಂದೇ ಇಡಿ. ಎರಡೇ ಅಕ್ಷರ, ಆದಿಕವಿಯ ಹೆಸರು, ಕೇಳಲು ಹೊಸದಾಗಿಯೂ ಇರುತ್ತದೆ.

ಉತ್ತರ: ಆನೆಗೊಂದಿ ಓದುಗ

ಪಂಪ ಎಂದು ಇಡುವುದಾದರೆ ಸಂತೋಷ, ಆದರೆ ಅದು ಬೇರೆಯೇ ಹೆಸರಾಗುತ್ತದೆ. ಆದಿಕವಿ ಪಂಪ ಹುಟ್ಟಿದ್ದು 902ರಲ್ಲಿ. ಅವನು ವೇಮುಲವಾಡದ ಅರಿಕೇಸರಿಯ ಆಸ್ಥಾನದವನು, 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನೂ ಆದಿಪುರಾಣವನ್ನೂ ಬರೆದವನು, ಧರ್ಮದಿಂದ ಜೈನ. ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಇಂದಿನ ತೆಲಂಗಾಣದಲ್ಲಿದೆ. ಪಂಪಾಪತಿ ಎಂಬುದು ಹಂಪೆಯ ಶಿವನ ಹೆಸರು. ಎರಡನ್ನೂ ಬೆರೆಸಿ ಮಗುವಿಗೆ ಹೇಳಿಕೊಟ್ಟರೆ ಮುಂದೆ ಯಾರಾದರೂ ಕನ್ನಡದ ಮೇಷ್ಟ್ರು ತಿದ್ದಬೇಕಾಗುತ್ತದೆ. ಪಂಪಾಪತಿಗೆ ಹತ್ತಿರದ ಕವಿ ಬೇಕೇಬೇಕೆಂದರೆ ಹರಿಹರನಿದ್ದಾನೆ. ಹಂಪೆಯಲ್ಲಿ ನೆಲೆಸಿ ವಿರೂಪಾಕ್ಷನ ಮೇಲೆ ಪಂಪಾಶತಕ ಬರೆದವನು ಅವನು, ಗಿರಿಜಾಕಲ್ಯಾಣವೂ ಅವನದೇ.

ವಿರೂಪಾಕ್ಷ ಒಳ್ಳೆಯ ಹೆಸರೇ, ನಮ್ಮಲ್ಲಿ ಮನೆಮನೆಗೆ ಒಬ್ಬನಿದ್ದಾನೆ ಎನ್ನುವಷ್ಟು ಇದೆ. ಆದರೆ ಇವರು ಇಡಬಯಸುವುದು ತಮ್ಮ ತಾತನ ಹೆಸರನ್ನು, ಅದಕ್ಕೆ ಬದಲಿ ಹುಡುಕುವುದು ಹೇಗೆ? ಹುಡುಗರ ಅಡ್ಡಹೆಸರಿನ ಭಯವನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಡ್ಡಹೆಸರು ಇಡಬೇಕೆಂದು ನಿಶ್ಚಯಿಸಿದ ಹುಡುಗರಿಗೆ ಯಾವ ಹೆಸರೂ ಸಾಲುತ್ತದೆ.

ಪ್ರಶ್ನೆ ಕೇಳಿದವರು: ಗಂಗಾವತಿಯ ತಂದೆ

ಎಲ್ಲರಿಗೂ ಧನ್ಯವಾದಗಳು. ಊರಿನ ಅಳಿಯನ ಮಾತನ್ನು ಹೆಂಡತಿಗೆ ಓದಿ ಹೇಳಿದೆ, ಅಲ್ಲಿಂದ ಮುಂದೆ ಅವಳೇ ತವರಿಗೆ ಫೋನ್ ಮಾಡಿದಳು. ಪಂಪಾಪತಿ ಎಂದೇ ಇಡುತ್ತಿದ್ದೇವೆ. ಎರಡು ಸಣ್ಣ ಸಂದೇಹಗಳು ಉಳಿದಿವೆ. ನಮ್ಮ ತಾಯಿಯವರು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಮೊಮ್ಮಗನನ್ನು ಏನೆಂದು ಕರೆಯಬೇಕು? ಎರಡನೆಯದು, ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಕಾಗುಣಿತ ಹೇಗಿರಬೇಕು? ತಾತನವರ ಪಹಣಿಯಲ್ಲಿ ಒಂದು ರೀತಿ, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು ರೀತಿ ಇದೆ.

ಉತ್ತರ: ಸಿಂಧನೂರಿನ ಮೇಷ್ಟ್ರು

ಮೊದಲನೆಯದಕ್ಕೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ತೊಟ್ಟಿಲಲ್ಲಿ ಸೋದರತ್ತೆ ಕಿವಿಯಲ್ಲಿ ಹೇಳುವ ಹೆಸರು ಒಂದು, ಮನೆಯಲ್ಲಿ ಕೂಗುವ ಹೆಸರು ಇನ್ನೊಂದು. ತಾತನ ಹೆಸರು ಹೊತ್ತ ಮಕ್ಕಳನ್ನು ಸೊಸೆಯಂದಿರು ಅಪ್ಪಾಜಿ, ತಾತಪ್ಪ, ಸಣ್ಣಪ್ಪ ಎಂದೆಲ್ಲ ಕರೆಯುವುದು ನಮ್ಮ ಮನೆಗಳಲ್ಲಿ ಇದ್ದದ್ದೇ. ಪಂಪಣ್ಣ ಎಂದರೆ ಹೆಸರಿನ ಅರ್ಧ ಬಂದೇ ಬಿಡುತ್ತದೆ, ಆದ್ದರಿಂದ ನಿಮ್ಮ ತಾಯಿಯವರಿಗೆ ಅದೂ ಬೇಡವೆನಿಸಬಹುದು.

ಕಾಗುಣಿತದ ಬಗ್ಗೆ ಮಾತ್ರ ಎಚ್ಚರವಿರಲಿ. ತೊಡಕು ಬರುವುದು ಕೊನೆಯ ‘ತಿ’ಯಲ್ಲಿ. ದಕ್ಷಿಣದ ರೂಢಿಯಂತೆ ಟಿ ಮತ್ತು ಎಚ್ ಎರಡನ್ನೂ ಸೇರಿಸಿ ಬರೆಯುವವರೇ ನಮ್ಮಲ್ಲಿ ಹೆಚ್ಚು, ಉತ್ತರದವರು ಅದನ್ನು ‘ಥಿ’ ಎಂದು ಓದುತ್ತಾರೆ. ಟಿ ಒಂದನ್ನೇ ಬರೆದರೆ ‘ಟಿ’ ಎಂದು ಓದುವವರೂ ಇದ್ದಾರೆ. ಯಾವುದನ್ನು ಆರಿಸಿದರೂ ಅಡ್ಡಿಯಿಲ್ಲ, ಆರಿಸಿದ ಮೇಲೆ ಎಲ್ಲ ಕಾಗದದಲ್ಲೂ ಅದೇ ಇರಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ದಾಖಲಾತಿಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಜನ್ಮದಿನ ಮತ್ತು ಜನ್ಮಸ್ಥಳಕ್ಕೆ ಆಧಾರ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹೆಸರಿಲ್ಲದೆ ನೋಂದಣಿಯಾಗಿದ್ದರೆ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ತಡವಾದರೆ ಶುಲ್ಕ ಕೊಡಬೇಕಾಗುತ್ತದೆ. ಆದ್ದರಿಂದ ಅವಸರ ಬೇಡ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಗುಮಾಸ್ತರು ಗಣಕಯಂತ್ರಕ್ಕೆ ಹಾಕುವಾಗ ಪರದೆಯ ಮೇಲೆ ಒಮ್ಮೆ ಓದಿ ನೋಡಿ, ‘ಪಾ’ದ ದೀರ್ಘವನ್ನು ಬಿಟ್ಟು ‘ಪಂಪಪತಿ’ ಎಂದು ಹೊಡೆದಿದ್ದರೆ ಮುದ್ರಿಸುವ ಮೊದಲೇ ಸರಿಪಡಿಸಿಕೊಳ್ಳಿ.