ಥಾಯ್ಲೆಂಡ್‌ನಲ್ಲಿದ್ದುಕೊಂಡೇ ಟೂರಿಸ್ಟ್ ವೀಸಾ ವಿಸ್ತರಿಸೋದು ಹೇಗೆ?

ಪ್ರಶ್ನೆ: ಟೂರಿಸ್ಟ್ ವೀಸಾದಲ್ಲಿ ಚಿಯಾಂಗ್ ಮಾಯ್‌ನಲ್ಲಿದ್ದೇನೆ. ದೇಶ ಬಿಡದೆ ಇನ್ನೊಂದು ತಿಂಗಳು ಉಳಿಯೋಕಾಗುತ್ತಾ? ಏನೇನು ಬೇಕು?

ಉತ್ತರ 1: ಆಗುತ್ತೆ. ಇಮಿಗ್ರೇಷನ್ ಕಚೇರಿಯಲ್ಲಿ ಟಿಎಂ.7 ಫಾರ್ಮ್ (ವಿಸ್ತರಣೆಯ ಅರ್ಜಿ), 4×6 ಸೆಂ.ಮೀ. ಫೋಟೊ, ಪಾಸ್‌ಪೋರ್ಟ್ ಜೆರಾಕ್ಸ್, 1,900 ಬಾತ್ ಕೊಡಿ. ಎಂಟ್ರಿ ಸ್ಟಾಂಪ್ ಇರೋ ಪುಟದ ಜೆರಾಕ್ಸೂ ಬೇಕು, ಪ್ರತಿ ಹಾಳೆಗೂ ಸಹಿ ಹಾಕಿ. ಸಾಮಾನ್ಯವಾಗಿ 30 ದಿನ ಸಿಗುತ್ತೆ. ಹಳೇ ಗಡುವಿನಿಂದ ಮುಂದಕ್ಕೆ ಲೆಕ್ಕ, ಬೇಗ ಹೋದ್ರೆ ದಿನ ಕಳೆಯಲ್ಲ.

ಉತ್ತರ 2: ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು ಟಿಎಂ.30 (ವಿದೇಶಿಯರು ಎಲ್ಲಿ ಉಳಿದಿದ್ದಾರೆ ಅಂತ ತಿಳಿಸೋ ಫಾರ್ಮ್) ವಿಚಾರದಲ್ಲಿ. ನೀವು ಬಂದು ಉಳಿದದ್ದನ್ನು ಮನೆ ಮಾಲೀಕರು 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸಿರಬೇಕು. ಹೋಟೆಲಿನವರು ಮಾಡ್ತಾರೆ, ಬಾಡಿಗೆ ರೂಮಿನವರು ಮರೆತುಬಿಡೋದುಂಟು. ಆ ರಸೀದಿ ಇಲ್ಲದಿದ್ರೆ ಕೌಂಟರ್‌ನಿಂದಲೇ ವಾಪಸ್ ಕಳಿಸಬಹುದು. ದಯವಿಟ್ಟು ಮೊದಲು ಅದನ್ನೇ ಕೇಳಿ ತಗೊಳ್ಳಿ.

ಉತ್ತರ 3: ಗಡುವು ನೋಡಬೇಕಾದ್ದು ಎಂಟ್ರಿ ಸ್ಟಾಂಪಲ್ಲಿ, ವೀಸಾದಲ್ಲಲ್ಲ. ಮೀರಿದ್ರೆ ದಿನಕ್ಕೆ 500 ಬಾತ್ ದಂಡ. ಮಧ್ಯೆ ಬೇರೆ ದೇಶಕ್ಕೆ ಹೋಗೋದಿದ್ರೆ ರೀ-ಎಂಟ್ರಿ ಪರ್ಮಿಟ್ ಮಾಡಿಸಿಕೊಂಡೇ ಹೊರಡಿ, ಇಲ್ಲಾಂದ್ರೆ ವಿಸ್ತರಣೆ ಅಲ್ಲಿಗೇ ರದ್ದು.