ಯಾವ ಪ್ರೋಗ್ರಾಂ ಓಡದಿದ್ದರೂ ಡಿಸ್ಕ್ ಬಳಕೆ ಶೇ. 100: ಕಾರಣ ಹುಡುಕುವುದು ಹೇಗೆ?

ಪ್ರಶ್ನೆ

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10, 8 ಜಿಬಿ ರ್‍ಯಾಮ್ ಮತ್ತು 5400 ಆರ್‌ಪಿಎಂ ವೇಗದ 1 ಟಿಬಿ ಹಾರ್ಡ್ ಡಿಸ್ಕ್ ಇವೆ. ಈಚೆಗೆ ಏನನ್ನೂ ತೆರೆಯದೆ ಸುಮ್ಮನೆ ಬಿಟ್ಟಾಗಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಶೇ. 100ರಲ್ಲೇ ನಿಂತಿರುತ್ತದೆ. ಆದರೆ ಒಂದೊಂದು ಪ್ರೋಗ್ರಾಂನ ಮುಂದಿರುವ ಅಂಕಿಗಳನ್ನೆಲ್ಲ ಕೂಡಿಸಿದರೂ ಸೆಕೆಂಡಿಗೆ 1 ಎಂಬಿ ದಾಟುವುದಿಲ್ಲ. ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತಂದಿಡುವ ಸಿಸ್‌ಮೇನ್ ಹಾಗೂ ಕಡತಗಳ ಪಟ್ಟಿ ಮಾಡಿಡುವ ವಿಂಡೋಸ್ ಸರ್ಚ್ ಸೇವೆಗಳನ್ನು ನಿಲ್ಲಿಸಿದೆ, ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿಸಿದೆ. ವೈರಸ್ ಸಿಗಲಿಲ್ಲ, ಬಳಕೆಯೂ ಇಳಿಯಲಿಲ್ಲ. ಡಿಸ್ಕನ್ನು ಹೀಗೆ ಹಿಡಿದಿಟ್ಟಿರುವ ಪ್ರೋಗ್ರಾಂ ಯಾವುದೆಂದು ಪತ್ತೆ ಮಾಡುವ ದಾರಿ ಇದೆಯೇ?

ಉತ್ತರ 1

ಆ ಶೇ. 100 ಎಂಬುದು ಡಿಸ್ಕ್ ಎಷ್ಟು ಓದಿತು, ಎಷ್ಟು ಬರೆಯಿತು ಎಂಬುದರ ಲೆಕ್ಕವಲ್ಲ. ಎಷ್ಟು ಹೊತ್ತು ಅದಕ್ಕೆ ಬಿಡುವಿರಲಿಲ್ಲ ಎಂಬುದರ ಲೆಕ್ಕ. 5400 ಆರ್‌ಪಿಎಂ ತಟ್ಟೆ ಒಂದು ಸುತ್ತು ತಿರುಗಲು ಸುಮಾರು 11 ಮಿಲಿಸೆಕೆಂಡು ಬೇಕು, ಓದುವ-ಬರೆಯುವ ಹೆಡ್ ಸರಿಯಾದ ಜಾಗಕ್ಕೆ ಸರಿಯಲು ಮತ್ತಷ್ಟು ಹೊತ್ತು ಬೇಕು. ಹೀಗಾಗಿ ಅಲ್ಲಲ್ಲಿ ಚದುರಿಬಿದ್ದ 4 ಕೆಬಿಯ ತುಣುಕುಗಳನ್ನು ಓದುವಾಗ ಆರೋಗ್ಯವಾಗಿರುವ ಡಿಸ್ಕ್ ಕೂಡ ಸೆಕೆಂಡಿಗೆ ಅರ್ಧ ಎಂಬಿಯಷ್ಟನ್ನೂ ಕೊಡಲಾರದೆ ಶೇ. 100 ತೋರಿಸಬಹುದು.

ಆದ್ದರಿಂದ ನೀವು ನೋಡಬೇಕಾದ್ದು ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿರುವ ಸರಾಸರಿ ರೆಸ್ಪಾನ್ಸ್ ಟೈಮ್, ಅಂದರೆ ಒಂದು ಬೇಡಿಕೆಗೆ ಡಿಸ್ಕ್ ಉತ್ತರಿಸಲು ಹಿಡಿಯುವ ಹೊತ್ತು. ಅದು ಹತ್ತಿಪ್ಪತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ಯಾವುದೋ ಪ್ರೋಗ್ರಾಂ ಕೆಲಸ ಮಾಡುತ್ತಿದೆ ಎಂದರ್ಥ. ರಿಸೋರ್ಸ್ ಮಾನಿಟರ್‌ನ ಡಿಸ್ಕ್ ವಿಭಾಗದಲ್ಲಿ ಅದು ಮುಟ್ಟುತ್ತಿರುವ ಕಡತದ ಹೆಸರೇ ಕಾಣುತ್ತದೆ. ಅಲ್ಲಿ ಪೇಜ್‌ಫೈಲ್ (ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಕಡತ) ಮೇಲಕ್ಕೆ ಬಂದು ನಿಂತಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ರೆಸ್ಪಾನ್ಸ್ ಟೈಮ್ ಸಾವಿರ ಮಿಲಿಸೆಕೆಂಡು ದಾಟಿದ್ದರೆ ಮಾತ್ರ ಪ್ರೋಗ್ರಾಂಗಳನ್ನು ಬಿಟ್ಟು ಡಿಸ್ಕನ್ನೇ ಅನುಮಾನಿಸಬೇಕು. ಅಂದಹಾಗೆ, ಸಿಸ್‌ಮೇನ್ ನಿಲ್ಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆಯಾದರೂ ಕಾರಣ ತಿಳಿಯದೆ ಅದನ್ನು ನಿಲ್ಲಿಸುವುದರಿಂದ ಲಾಭವಿಲ್ಲ.

ಉತ್ತರ 2

ಇನ್ನೊಂದು ಸಾಧ್ಯತೆಯನ್ನೂ ಗಮನಿಸಿ. ಲ್ಯಾಪ್‌ಟಾಪಿನ ಅನೇಕ 1 ಟಿಬಿ ಡಿಸ್ಕ್‌ಗಳು ಎಸ್‌ಎಂಆರ್ ಬಗೆಯವು. ಅವುಗಳಲ್ಲಿ ಮಾಹಿತಿ ಬರೆಯುವ ಪಥಗಳು ಒಂದರ ಮೇಲೊಂದು ಹೆಂಚಿನಂತೆ ಹೊದ್ದುಕೊಂಡಿರುವುದರಿಂದ ಒಂದು ತುಣುಕನ್ನು ಬದಲಿಸಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಇಂಥ ಡಿಸ್ಕ್ ಬಹಳ ಹೊತ್ತು ಒದ್ದಾಡುವುದು ಸಹಜ. ಆದರೆ ಅದು ಕೊನೆಗೆ ಶಾಂತವಾಗುತ್ತದೆ, ನಿಮ್ಮದು ಆಗುತ್ತಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರೆಸ್ಪಾನ್ಸ್ ಟೈಮ್ 1500ರಿಂದ 4000 ಮಿಲಿಸೆಕೆಂಡಿನವರೆಗೆ ಏರಿಳಿಯುತ್ತಿದೆ. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸುವ ಇವೆಂಟ್ ವ್ಯೂವರ್‌ನ ಸಿಸ್ಟಂ ವಿಭಾಗದಲ್ಲಿ ಡಿಸ್ಕ್ ಹೆಸರಿನಡಿ 153 ಮತ್ತು 7ನೇ ಸಂಖ್ಯೆಯ ದಾಖಲೆಗಳು ಸಾಲುಗಟ್ಟಿವೆ. ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಳದಿ ಬಣ್ಣದ ಎಚ್ಚರಿಕೆ ತೋರಿಸುತ್ತಿದ್ದು, ಸಿ5 ಸಾಲಿನಲ್ಲಿ 38 ಎಂದಿದೆ. ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸಲೇ?

ಉತ್ತರ 1

ಈಗಲೇ ಬೇಡ. 153 ಎಂದರೆ ಓದು ಅಥವಾ ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು ಎಂದು, 7 ಎಂದರೆ ಕೆಟ್ಟ ಬ್ಲಾಕ್ ಸಿಕ್ಕಿತು ಎಂದು. ಸಿ5 ಎಂಬುದು ಡಿಸ್ಕ್ ಓದಲಾರದೆ ಬಾಕಿ ಇಟ್ಟಿರುವ ಸೆಕ್ಟರ್‌ಗಳ (ಡಿಸ್ಕಿನ ಮೇಲಿನ ಚಿಕ್ಕ ಚಿಕ್ಕ ಭಾಗಗಳ) ಸಂಖ್ಯೆ. ಆ ತಂತ್ರಾಂಶ ಕಚ್ಚಾ ಮೌಲ್ಯವನ್ನು ಮೂಲತಃ ಹದಿನಾರರ ಅಂಕಪದ್ಧತಿಯಲ್ಲಿ ತೋರಿಸುವುದರಿಂದ ನಿಮ್ಮ 38 ನಿಜಕ್ಕೂ 56 (3×16 + 8). ಅಂಥ ಒಂದೊಂದು ಸೆಕ್ಟರ್ ಎದುರಾದಾಗಲೂ ಡಿಸ್ಕ್ ಸೆಕೆಂಡುಗಟ್ಟಲೆ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ಉಳಿದ ಬೇಡಿಕೆಗಳೆಲ್ಲ ಅದರ ಹಿಂದೆ ಕಾಯುತ್ತವೆ. ನೀವು ಹುಡುಕುತ್ತಿದ್ದ ಪ್ರೋಗ್ರಾಂ ಸಿಗದಿದ್ದುದು ಇದರಿಂದಲೇ. ಸಿ5 ಸೊನ್ನೆಯಿದ್ದು ಮಾಹಿತಿ ಸಾಗಣೆಯ ದೋಷಗಳನ್ನು ಎಣಿಸುವ ಸಿ7 ಮಾತ್ರ ಏರುತ್ತಿದ್ದರೆ ಕೇಬಲ್ ಅಥವಾ ಕನೆಕ್ಟರ್ ಸಡಿಲವಾಗಿರಬಹುದು ಎನ್ನುತ್ತಿದ್ದೆ.

ಮೊದಲು ಫೋಟೊ ಮತ್ತು ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಮುಖ್ಯವಾದವು ಮೊದಲು. ಪೂರ್ತಿ ಮೇಲ್ಮೈಯನ್ನು ಓದಿಸುವ ಚೆಕ್ ಡಿಸ್ಕ್ ಈಗಾಗಲೇ ದಣಿದ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ನಕಲು ಮುಗಿಯುವ ಮೊದಲೇ ಅದು ನಿಂತುಹೋದರೆ ಕಡತಗಳೂ ಹೋಗುತ್ತವೆ.

ಉತ್ತರ 2

ನಕಲಾದ ಮೇಲೆ ಹಳೆಯ ಡಿಸ್ಕಿನ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಡಿಸ್ಕ್) ಹಾಕಿಸಿ. ಕೆಟ್ಟ ಸೆಕ್ಟರ್‌ಗಳಿರುವ ಡಿಸ್ಕನ್ನು ಇದ್ದಂತೆಯೇ ಕ್ಲೋನ್ (ಪೂರ್ತಿ ನಕಲು) ಮಾಡುವುದಕ್ಕಿಂತ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದೇ ಲೇಸು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರ ಒಪ್ಪಿದರೆ ನೇರವಾಗಿ 11ನ್ನೇ ಹಾಕಬಹುದು. ಡಿಜಿಟಲ್ ಲೈಸೆನ್ಸ್ ಇದ್ದರೆ ಡಿಸ್ಕ್ ಬದಲಿಸಿದರೂ ಮದರ್‌ಬೋರ್ಡ್ ಅದೇ ಆಗಿರುವುದರಿಂದ, ಇಂಟರ್ನೆಟ್ ಸಂಪರ್ಕ ಸಿಕ್ಕೊಡನೆ ಅದೇ ಆವೃತ್ತಿ (ಹೋಂ ಇದ್ದರೆ ಹೋಂ, ಪ್ರೊ ಇದ್ದರೆ ಪ್ರೊ) ತಾನಾಗಿ ಆಕ್ಟಿವೇಟ್ ಆಗುತ್ತದೆ.