ನಡುಬೆರಳಿನಿಂದ ಟ್ರಿಗರ್ ಎಳೆಯುವವರು ಇದ್ದೀರಾ?

ಮಡಚದ ಬೆರಳು: ಹಳೆಯ ಪೆಟ್ಟಿನಿಂದಾಗಿ ನನ್ನ ಬಲಗೈ ತೋರುಬೆರಳು ಪೂರ್ತಿ ಮಡಚುವುದಿಲ್ಲ. ಆದ್ದರಿಂದ 9 ಮಿ.ಮೀ. ಪಿಸ್ತೂಲಿನಲ್ಲಿ ಅದನ್ನು ಸ್ಲೈಡಿನ (ಹಾರಿಸಿದಾಗ ಹಿಂದೆಮುಂದೆ ಓಡುವ ಮೇಲ್ಭಾಗ) ಕೆಳಗೆ, ಫ್ರೇಮಿನ (ಸ್ಲೈಡನ್ನು ಹೊತ್ತ ಚೌಕಟ್ಟು) ಉದ್ದಕ್ಕೆ ಚಾಚಿ, ನಡುಬೆರಳಿನಿಂದ ಟ್ರಿಗರ್ ಎಳೆಯುತ್ತಿದ್ದೇನೆ. ಹೀಗೆ ಬಹುಕಾಲ ಅಭ್ಯಾಸ ಮಾಡಿದವರು ಅನುಭವ ತಿಳಿಸಬೇಕೆಂದು ವಿನಂತಿ.

ಹದಿನಾಲ್ಕು ತಿಂಗಳು: ನಾನು 14 ತಿಂಗಳು ಹಾಗೆಯೇ ಹಾರಿಸಿದೆ, ಅದೂ 1911 ಎಂಬ ಹಳೆಯ ಮಾದರಿಯ ಪಿಸ್ತೂಲಿನಲ್ಲಿ. ಅದರ ಸ್ಲೈಡ್ ಸ್ಟಾಪಿನ (ಕೊನೆಯ ಗುಂಡಿನ ನಂತರ ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸನ್ನೆ) ಪಿನ್ನು ಬಲಮಗ್ಗುಲಲ್ಲಿ ತುಸು ಹೊರಚಾಚಿರುತ್ತದೆ. ಚಾಚಿದ ಬೆರಳು ಸರಿಯಾಗಿ ಅಲ್ಲಿಯೇ ಒತ್ತುತ್ತದೆ. ಸ್ಲೈಡ್ ಓಡುವಾಗ ಪಿನ್ನು ಎಡಕ್ಕೆ ಸರಿದು ಪಿಸ್ತೂಲು ಮೂರು ಸಲ ಕಚ್ಚಿಕೊಂಡಿತು. ನಾನು ಸ್ಪ್ರಿಂಗ್ ಬದಲಿಸಿದೆ, ಎರಡು ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಬದಲಿಸಿದೆ. ಪಕ್ಕದಲ್ಲಿ ನಿಂತಿದ್ದವರೊಬ್ಬರು ಬೆರಳನ್ನು ತೋರಿಸುವವರೆಗೂ ತಪ್ಪು ನನ್ನದೆಂದು ಹೊಳೆಯಲಿಲ್ಲ. ಹಿಡಿಕೆಗೆ ಉಳಿಯುವುದು ಉಂಗುರಬೆರಳು, ಕಿರುಬೆರಳು ಮಾತ್ರವಾದ್ದರಿಂದ ಮಣಿಕಟ್ಟು ಸಡಿಲಬಿದ್ದು, 50 ಗುಂಡುಗಳಲ್ಲಿ ನಾಲ್ಕು ಬಾರಿ ಖಾಲಿ ತೋಟಾ ಹೊರಬೀಳದೆ ಸ್ಲೈಡಿನ ಕಿಂಡಿಯಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಂಡದ್ದೂ ಉಂಟು. ಕೊನೆಗೊಂದು ದಿನ ದಣಿದ ಬೆರಳು ತಾನಾಗಿ ಮೇಲೇರಿತು. ಸ್ಲೈಡಿನ ಅಂಚು ಉಗುರಿನ ಬುಡದಿಂದ ಎರಡನೆಯ ಗೆಣ್ಣಿನವರೆಗೆ ಚರ್ಮ ಸುಲಿಯಿತು. ಆರು ಹೊಲಿಗೆ ಬಿದ್ದವು. ಆಮೇಲೆ ಎಡಗೈಗೆ ಬದಲಾಯಿಸಿದೆ, ಹಳೆಯ ಗುರಿ ಮರಳಲು ಎಂಟು ತಿಂಗಳು ಹಿಡಿಯಿತು.

ಗಾರ್ಡಿನ ಮೇಲೆ: ನನ್ನ ರೂಢಿ ಬೇರೆ. ಆಸರೆಗೈಯ (ಟ್ರಿಗರ್ ಎಳೆಯದ ಕೈ) ತೋರುಬೆರಳನ್ನು ಟ್ರಿಗರ್ ಗಾರ್ಡಿನ (ಟ್ರಿಗರನ್ನು ಸುತ್ತುವರಿದ ಬಳೆ) ಮುಂಭಾಗಕ್ಕೆ ಕೊಕ್ಕೆಯಂತೆ ಹಾಕಿ ಮೂರು ವರ್ಷ ಹಾರಿಸಿದ್ದೇನೆ. ನಕ್ಕವರು ಅನೇಕರು. ಆದರೆ 1982ರ ಗ್ಲಾಕ್ 17ರ ಗಾರ್ಡು ಚೌಕವಾಗಿ, ಮುಂಭಾಗದಲ್ಲಿ ಗೀರುಗಳೊಂದಿಗೆ ಬಂದದ್ದು ಅಲಂಕಾರಕ್ಕಲ್ಲ.

ಹಳೆಯ ರಿವಾಲ್ವರ್: ಜಾಗವಿದೆಯೆಂದ ಮಾತ್ರಕ್ಕೆ ಬೆರಳಿಡಬೇಕೆಂದಿಲ್ಲ. ಆ ಬೆರಳು ಎಳೆದಷ್ಟೂ ನಳಿಕೆ ವಾಲುತ್ತದೆ, ಉಳಿದ ಮೂರು ಬೆರಳುಗಳ ಬಿಗಿಯೂ ಕಡಿಮೆಯಾಗುತ್ತದೆ. ಸ್ಲೈಡೇ ಇಲ್ಲದ ರಿವಾಲ್ವರಿನಲ್ಲಿ ಎಡ ಹೆಬ್ಬೆರಳನ್ನು ಬಲಗೈಯ ಹಿಂದೆ ಅಡ್ಡಹಾಯಿಸಿ ಕಲಿತವನು ನಾನು. ಪಿಸ್ತೂಲಿನಲ್ಲಿ ಅದೇ ಹಿಡಿತ ಹಿಡಿದಾಗ ಹಿಂದಕ್ಕೆ ಓಡಿಬಂದ ಸ್ಲೈಡ್ ಹೆಬ್ಬೆರಳಿನ ಬುಡದಲ್ಲಿ ಎರಡು ಸಮಾನಾಂತರ ಗೀರು ಎಳೆಯಿತು. ಮೊದಲ ಸಲ ಪಿಸ್ತೂಲನ್ನು ಬೈದೆ, ಎರಡನೆಯ ಸಲ ನನ್ನನ್ನು.

ಗಾರ್ಡಿನ ಮೇಲೆ: ಸ್ಲೈಡಿನ ಹಿಂದೆ ಹೆಬ್ಬೆರಳಿಟ್ಟು, ಅದೂ ಎರಡು ಸಲ, ಕೊಯ್ಯಿಸಿಕೊಂಡವರಿಂದ ನನಗೆ ಪಾಠ ಬೇಕಿಲ್ಲ.

ಹಳೆಯ ರಿವಾಲ್ವರ್: ನನ್ನ ತಪ್ಪನ್ನು ನಾನೇ ಬರೆದಿದ್ದೇನೆ. ತಾವು ನಿಮ್ಮ ಗುರಿಹಾಳೆಗಳನ್ನು ಇನ್ನೂ ತೋರಿಸಿಲ್ಲ.

ಮಾರಿದವನು: ಇಬ್ಬರೂ ಬಲ ಹೆಬ್ಬೆರಳನ್ನು ಮರೆತಿದ್ದೀರಿ. ಎರಡೂ ಹೆಬ್ಬೆರಳನ್ನು ಮುಂದಕ್ಕೆ ಚಾಚುವ ಹಿಡಿತದಲ್ಲಿ ನನ್ನ ಬಲ ಹೆಬ್ಬೆರಳು ಸ್ಲೈಡ್ ಸ್ಟಾಪನ್ನು ಸದಾ ಅದುಮಿಟ್ಟಿರುತ್ತಿತ್ತು. ನನ್ನ ಪಿಸ್ತೂಲಾದ ಸಿಗ್ ಸೌರ್ ಪಿ226ರಲ್ಲಿ ಆ ಸನ್ನೆ ಹಿಡಿಕೆಯ ಮೇಲಕ್ಕೇ ಬಂದಿರುತ್ತದೆ. ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಮ್ಯಾಗಜೀನುಗಳನ್ನು ದೂಷಿಸಿ, ಕಡೆಗೆ ಪಿಸ್ತೂಲನ್ನೇ ಮಾರಿದೆ. ಕೊಂಡವರ ಕೈಯಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲವಂತೆ.

ಮಡಚದ ಬೆರಳು: ನನ್ನ ಪಿಸ್ತೂಲಿನ ಪಿನ್ನು ಹೊರಚಾಚಿಲ್ಲ. ಎರಡೇ ಬೆರಳಿನ ಹಿಡಿತವನ್ನು ಬಿಗಿಮಾಡುವ ದಾರಿಯಿದೆಯೇ, ಅಥವಾ ಎಲ್ಲರೂ ಎಡಗೈಗೆ ಹೋಗಿ ಎನ್ನುತ್ತಿದ್ದೀರಾ?

ಹದಿನಾಲ್ಕು ತಿಂಗಳು: ಹೋಗಿ ಎಂದು ನಾನು ಹೇಳಿಲ್ಲ, ನಾನು ಹೋದೆ ಎಂದೆ. ಆಸರೆಗೈಯನ್ನು ಎತ್ತರಕ್ಕೆ ತಂದು ಅದರಿಂದಲೇ ಬಿಗಿ ಹಿಡಿದರೆ ತೋಟಾ ಸಿಕ್ಕುವುದು ಕಡಿಮೆಯಾಗುತ್ತದೆ. ಮೇಲೇರುವ ಬೆರಳಿಗೆ ಮಾತ್ರ ನನ್ನಲ್ಲಿ ಉಪಾಯವಿಲ್ಲ.